ಶುಕ್ರವಾರದ ರ‍್ಯಾಂಕ್ ಲಿಸ್ಟು

ಬ್ರಿಟನ್ನಿನಲ್ಲಿ ವಾರದ ಜನಪ್ರಿಯ ಹಾಡುಗಳ ಚಾರ್ಟ್ ಹೊರಬೀಳುವುದು ಶುಕ್ರವಾರ ಸಂಜೆ. 2015ರ ಜುಲೈವರೆಗೆ ಅದು ಭಾನುವಾರದ ಬಾಬತ್ತಾಗಿತ್ತು. ಹೊಸ ಹಾಡುಗಳು ಪ್ರಪಂಚದ ಎಲ್ಲೆಡೆ ಶುಕ್ರವಾರವೇ ಬಿಡುಗಡೆಯಾಗಲಿ ಎಂದು ಸಂಗೀತ ಕಂಪನಿಗಳು ತೀರ್ಮಾನಿಸಿದ ಮೇಲೆ ಚಾರ್ಟೂ ಅದೇ ದಿನಕ್ಕೆ ಬಂತು. ಇದರಿಂದ ಇಂಗ್ಲಿಷರಿಗೆ ಏನು ಅನುಕೂಲವಾಯಿತೋ, ಅಲ್ಲಿನ ಕನ್ನಡ ಮನೆಗಳಲ್ಲಿ ಮಾತ್ರ ಶುಕ್ರವಾರಕ್ಕೆ ಕೆಲಸ ಜಾಸ್ತಿಯಾಯಿತು. ಬೆಳಗ್ಗೆ ಲಕ್ಷ್ಮಿಗೆ ದೀಪ, ಸಂಜೆ ಪಾಪ್ ಹಾಡಿಗೆ ಕಿವಿ.

ರೆಡಿಂಗ್ ಪಕ್ಕದ ಒಂದು ಊರಿನ ಸಂಸಾರವನ್ನೇ ತೆಗೆದುಕೊಳ್ಳಿ. ಅಪ್ಪ ಸಾಫ್ಟ್‌ವೇರು, ಅಮ್ಮ ಕೌನ್ಸಿಲ್ ಆಫೀಸಿನ ಲೆಕ್ಕಪತ್ರ. ಮಗನಿಗೆ ಹದಿನೇಳು, ಮಗಳಿಗೆ ಹನ್ನೊಂದು. ಇವರ ನಡುವೆ ಆರು ತಿಂಗಳ ವಿಸಿಟರ್ ವೀಸಾ ಹಿಡಿದು ಹಾಸನದಿಂದ ಬಂದಿಳಿದ ಅಜ್ಜಿ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಕೈಯಲ್ಲಿ ಬೆತ್ತ ಹೋಗಿದೆ, ಕಣ್ಣಲ್ಲಿ ಉಳಿದಿದೆ.

ಮೊಮ್ಮಗಳು ಮೊದಲ ಸಲ ಚಾರ್ಟ್ ತೋರಿಸಿದಾಗ ಅಜ್ಜಿ ಹಾಡು ಕೇಳಲಿಲ್ಲ, ನಂಬರು ನೋಡಿದರು. ಪಟ್ಟಿಯಲ್ಲಿ ನೂರು ಹಾಡು, ರೇಡಿಯೊದವರು ಲೆಕ್ಕಕ್ಕೆ ಹಿಡಿಯುವುದು ಮೇಲಿನ ನಲವತ್ತನ್ನು.

“ಹಾಗಾದ್ರೆ ಮಿಕ್ಕ ಅರವತ್ತು ಫೇಲಾ?”

ಅಲ್ಲಿಂದ ಮುಂದೆ ಆ ಮನೆಯಲ್ಲಿ ಶುಕ್ರವಾರದ ಸಂಜೆ ಮಕ್ಕಳ ಕೈಯಲ್ಲಿ ಉಳಿಯಲಿಲ್ಲ. ನಮ್ಮ ಮಧ್ಯಮವರ್ಗಕ್ಕೆ ಒಂದರ ಕೆಳಗೊಂದು ನಂಬರು ಬರೆದದ್ದು ಕಂಡರೆ ರಕ್ತ ಬಿಸಿಯಾಗುತ್ತದೆ. ಮನೆಯ ಪಿನ್‌ಕೋಡ್ ಮರೆತರೂ ತನ್ನ ಸಿಇಟಿ ರ‍್ಯಾಂಕ್ ಮರೆಯದ ತಲೆಮಾರು ಅಪ್ಪನದು. ಪಾಪ್ ಸಂಗೀತದ ಗಂಧಗಾಳಿ ಇಲ್ಲದ ಈ ಗೃಹಸ್ಥ ಚಾರ್ಟಿನ ನಿಯಮಾವಳಿಯನ್ನು ಎರಡೇ ದಿನದಲ್ಲಿ ಅರೆದು ಕುಡಿದರು. ಕೇಳಿದರೆ, “ಇದರಲ್ಲಿ ಏನಿದೆ, ಪಿಯುಸಿ ಅರ್ಧ, ಸಿಇಟಿ ಅರ್ಧ ಅಂತ ನಾವು ಲೆಕ್ಕ ಹಾಕ್ತಿರಲಿಲ್ವಾ, ಅದೇ ಥರ” ಎನ್ನುತ್ತಾರೆ.

ನಿಯಮಗಳೇನೋ ನಿಜಕ್ಕೂ ಹಾಗೇ ಇವೆ. ಹಿಂದೆ ಅಂಗಡಿಯಲ್ಲಿ ಎಷ್ಟು ರೆಕಾರ್ಡ್ ಮಾರಾಟವಾಯಿತೋ ಅಷ್ಟೇ ಲೆಕ್ಕ. 2014ರಿಂದ ಮೊಬೈಲಿನಲ್ಲಿ ಕೇಳಿದ್ದೂ ಸೇರಿತು. ಈಗ ದುಡ್ಡು ಕಟ್ಟಿದವರು ನೂರು ಸಲ ಕೇಳಿದರೆ ಒಂದು ರೆಕಾರ್ಡ್ ಮಾರಿದ ಹಾಗೆ. ಜಾಹೀರಾತು ಸಹಿಸಿಕೊಂಡು ಪುಕ್ಕಟೆ ಕೇಳುವವರಾದರೆ ಆರುನೂರು ಸಲ ಕೇಳಬೇಕು. ಮೂವತ್ತು ಸೆಕೆಂಡ್ ಆದರೂ ಕೇಳಿರಬೇಕು, ಒಬ್ಬರು ಒಂದೇ ಹಾಡನ್ನು ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸಲ ಹಾಕಿದರೆ ಹೆಚ್ಚಿನದು ಲೆಕ್ಕಕ್ಕಿಲ್ಲ. ಒಂಬತ್ತು ವಾರ ಕಳೆದ ಹಾಡು ಸತತವಾಗಿ ಮೂರು ವಾರ ಇಳಿಮುಖವಾದರೆ ಅದರ ಅಂಕವನ್ನು ಅರ್ಧಕ್ಕೆ ಇಳಿಸುತ್ತಾರೆ. ಒಂದು ಮಾರಾಟಕ್ಕೆ ನೂರು ಸಲ ಇದ್ದದ್ದು ಇನ್ನೂರಾಗುತ್ತದೆ. ‘ಆ್ಯಕ್ಸಿಲರೇಟೆಡ್ ಚಾರ್ಟ್ ರೇಶಿಯೋ’ ಎಂಬ ದೊಡ್ಡ ಹೆಸರಿಟ್ಟಿದ್ದಾರೆ. ಹಳಬರು ಜಾಗ ಬಿಡಲಿ, ಹೊಸಬರು ಮೇಲೆ ಬರಲಿ ಎಂಬುದು ಉದ್ದೇಶ. ಮೂರು ವರ್ಷ ದಾಟಿದ ಹಾಡಿಗಂತೂ ಈ ಕಡಿತ ಕಟ್ಟಿಟ್ಟದ್ದು.

ಅಜ್ಜಿ ಎಲ್ಲ ಕೇಳಿಸಿಕೊಂಡು ಒಂದು ಪ್ರಶ್ನೆ ಹಾಕಿದರು. “ನಾನು ದಿನಾ ಬೆಳಗ್ಗೆ ಹಾಕೋದು?”

ಆ ಮನೆಯದು ಸ್ಪಾಟಿಫೈ ಫ್ಯಾಮಿಲಿ ಪ್ಲಾನು. ಆರು ಜನಕ್ಕೆ ಅವಕಾಶ, ಎಲ್ಲರೂ ಒಂದೇ ವಿಳಾಸದಲ್ಲಿರಬೇಕು ಎಂಬ ಷರತ್ತು. ಐದನೆಯ ಜಾಗ ಅಜ್ಜಿಗೆ ಸಿಕ್ಕಿದೆ, ಆರನೆಯದರ ಮೇಲೆ ಮ್ಯಾಂಚೆಸ್ಟರಿನ ಚಿಕ್ಕಪ್ಪನ ಕಣ್ಣಿದೆ. ಅಜ್ಜಿ ಆ ಖಾತೆಯಲ್ಲಿ ಎದ್ದ ಕೂಡಲೇ ಹಾಕುವುದು ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿರುವ ವೆಂಕಟೇಶ ಸುಪ್ರಭಾತ. ಇಪ್ಪತ್ತು ನಿಮಿಷದ ಆಸುಪಾಸು. ಮೊಮ್ಮಗಳ ಹಾಡು ಮೂರು ನಿಮಿಷದ್ದು. ಚಾರ್ಟಿನವರ ಕಣ್ಣಿಗೆ ಎರಡೂ ಒಂದೊಂದೇ ಅಂಕ. ಮೊಮ್ಮಗಳು ದಿನಕ್ಕೆ ಹತ್ತು ಸಲ ಹಾಕಿ ಹತ್ತು ಅಂಕ ಕೊಡಿಸುತ್ತಾಳೆ, ಸುಪ್ರಭಾತವನ್ನು ಹತ್ತು ಸಲ ಹಾಕಿದರೆ ದೇವರೇ ಮತ್ತೆ ಮಲಗಿಯಾನು.

ಅಜ್ಜಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಮಾಡಿದರು. ಹಳೇ ಹಾಡು, ಆದ್ದರಿಂದ ಇನ್ನೂರು ಸಲಕ್ಕೆ ಒಂದು ಮಾರಾಟ. ವೀಸಾ ಆರು ತಿಂಗಳು, ದಿನಕ್ಕೊಂದರಂತೆ ನೂರಾ ಎಂಬತ್ತು. ಅಂದರೆ ಅವರು ಒಂದು ದಿನವೂ ತಪ್ಪಿಸದೆ ಹಾಕಿ, ವೀಸಾ ಮುಗಿಸಿಕೊಂಡು ವಿಮಾನ ಹತ್ತುವ ಹೊತ್ತಿಗೂ ಎಂ.ಎಸ್. ಹೆಸರಿನಲ್ಲಿ ಒಂದೇ ಒಂದು ರೆಕಾರ್ಡ್ ಮಾರಾಟವಾಗಿರುವುದಿಲ್ಲ.

“ಇಪ್ಪತ್ತು ಮಾರ್ಕ್ಸ್ ಶಾರ್ಟು” ಎಂದು ಪೆನ್ನು ಕೆಳಗಿಟ್ಟರು. “ಗ್ರೇಸ್ ಮಾರ್ಕ್ಸ್ ಕೊಡೋ ಪದ್ಧತಿ ಇದ್ಯೇನೋ?”

ಪದ್ಧತಿ ಇದೆ. ಕೇಟ್ ಬುಷ್ ಎಂಬ ಗಾಯಕಿ 1985ರಲ್ಲಿ ಹಾಡಿದ ‘ರನ್ನಿಂಗ್ ಅಪ್ ದಟ್ ಹಿಲ್’ 2022ರಲ್ಲಿ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯಲ್ಲಿ ಬಂದು ಎಲ್ಲರ ಬಾಯಿಗೆ ಬಿತ್ತು. ಎಷ್ಟು ಕೇಳಿದರೂ ಹಳೇ ಹಾಡು ಎಂಬ ಕಡಿತ ಕಾಲು ಹಿಡಿದಿತ್ತು. ಚಾರ್ಟಿನ ಕಂಪನಿ ಕೊನೆಗೆ ಅದಕ್ಕೆ ವಿನಾಯಿತಿ ಕೊಟ್ಟಿತು, ಹಾಡು ಮೂವತ್ತೇಳು ವರ್ಷದ ಮೇಲೆ ಮೊದಲ ಸ್ಥಾನಕ್ಕೆ ಬಂತು. ಅಜ್ಜಿ ಇದನ್ನು ರೀವ್ಯಾಲ್ಯುಯೇಷನ್ ಎಂದು ದಾಖಲಿಸಿಕೊಂಡರು. ವ್ಯಾಮ್‌ನವರ ‘ಲಾಸ್ಟ್ ಕ್ರಿಸ್ಮಸ್’ ಕಥೆ ಇನ್ನೂ ಹಿಡಿಸಿತು. 1984ರಲ್ಲಿ ಎರಡನೆಯ ಸ್ಥಾನಕ್ಕೆ ನಿಂತ ಹಾಡು ಮೊದಲನೆಯ ಸ್ಥಾನ ಕಂಡದ್ದು 2021ರ ಜನವರಿಯಲ್ಲಿ. ಕ್ರಿಸ್ಮಸ್ ವಾರದಲ್ಲೇ ಮೊದಲು ಬರಲು 2023ರವರೆಗೆ ಕಾಯಬೇಕಾಯಿತು. ಹಾಡಿದ ಜಾರ್ಜ್ ಮೈಕೆಲ್ 2016ರ ಕ್ರಿಸ್ಮಸ್ ದಿನವೇ ತೀರಿಕೊಂಡಿದ್ದ. “ಪಾಪ, ರಿಸಲ್ಟ್ ನೋಡ್ಲೇ ಇಲ್ಲ” ಎಂದರು ಅಜ್ಜಿ.

ಅಂಕಿಸಂಖ್ಯೆಯಲ್ಲಿ ಅಪ್ಪ ಮುಂದಿದ್ದರೆ ಅನುಭವದಲ್ಲಿ ಅಜ್ಜಿಯೇ ಮುಂದು. ಬ್ರಿಟನ್ನಿನ ಮೊದಲ ಚಾರ್ಟ್ ಬಂದದ್ದು 1952ರ ನವೆಂಬರ್ 14ರಂದು, ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ. ಪರ್ಸಿ ಡಿಕಿನ್ಸ್ ಎಂಬಾತ ಇಪ್ಪತ್ತರಷ್ಟು ಅಂಗಡಿಗಳಿಗೆ ಫೋನ್ ಮಾಡಿ, ಯಾವುದು ಚೆನ್ನಾಗಿ ಹೋಗುತ್ತಿದೆ ಎಂದು ಕೇಳಿ ಬರೆದುಕೊಂಡ. ಹನ್ನೆರಡು ಸ್ಥಾನದ ಆ ಪಟ್ಟಿಯಲ್ಲಿ ಸಮಬಲವಾದವರೂ ಸೇರಿ ಹದಿನೈದು ಹಾಡು. ಮೊದಲ ಸ್ಥಾನದಲ್ಲಿ ಅಲ್ ಮಾರ್ಟಿನೊ, ಒಂಬತ್ತು ವಾರ ಅಲುಗಾಡಲಿಲ್ಲ. ಅಪ್ಪ ಇದನ್ನೆಲ್ಲ ಒಪ್ಪಿಸಿದ ಮೇಲೆ ಅಜ್ಜಿ ತಮ್ಮದನ್ನು ತೆಗೆದರು. ಅದೇ 1952ರ ಡಿಸೆಂಬರಿನಲ್ಲಿ ರೇಡಿಯೊ ಸಿಲೋನಿನಿಂದ ಬಿನಾಕಾ ಗೀತಮಾಲಾ ಶುರುವಾಗಿತ್ತು. ಬುಧವಾರ ರಾತ್ರಿ ಎಂಟಕ್ಕೆ ನಿರೂಪಕ ಅಮೀನ್ ಸಯಾನಿ ಬಂದು ಹಿಂದಿ ಚಿತ್ರಗೀತೆಗಳನ್ನು ಪಾಯ್ದಾನ್ ಪಾಯ್ದಾನಾಗಿ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ, ಮೇಲೆ ಹತ್ತಿಸುತ್ತಿದ್ದ. ಹಾಸನದ ಅಜ್ಜಿಯ ಮನೆಯವರಿಗೆ ಹಿಂದಿ ಬರುತ್ತಿರಲಿಲ್ಲ, ಆದರೆ ಈ ವಾರ ಯಾವುದು ಮೇಲೆ ಹೋಯಿತು, ಯಾವುದು ಬಿತ್ತು ಎಂಬುದು ಬೀದಿಗೆಲ್ಲ ಗೊತ್ತಿತ್ತು. ಆಕಾಶವಾಣಿಯಲ್ಲಿ ಚಿತ್ರಗೀತೆಗಳಿಗೆ ಆಗಿನ ಸಚಿವ ಬಿ.ವಿ. ಕೇಸ್ಕರ್ ಬಾಗಿಲು ಹಾಕಿದ್ದರಿಂದ ಭಾರತದ ಕಿವಿಗಳೆಲ್ಲ ಸಿಲೋನಿನ ಕಡೆ ತಿರುಗಿದ್ದ ಕಾಲ ಅದು. “ಟೂತ್‌ಪೇಸ್ಟ್ ಕಂಪನಿಯವರು ನಡೆಸ್ತಿದ್ರು. ನಾವು ಇದ್ದಿಲಲ್ಲೇ ಹಲ್ಲುಜ್ಜಿಕೊಂಡು ಕೇಳ್ತಿದ್ವಿ.”

1991ರಲ್ಲಿ ಬ್ರಯನ್ ಆ್ಯಡಮ್ಸ್ ಒಂದೇ ಹಾಡಿನಿಂದ ಸತತ ಹದಿನಾರು ವಾರ ಮೊದಲ ಸ್ಥಾನದಲ್ಲಿದ್ದ ಎಂದು ಅಪ್ಪ ಹೇಳಿದ್ದಕ್ಕೂ ಅಜ್ಜಿ ಮಣಿಯಲಿಲ್ಲ. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ‘ಬಂಗಾರದ ಮನುಷ್ಯ’ ಓಡಿದ್ದು ಎರಡು ವರ್ಷ. ಹದಿನಾರು ವಾರವೆಂದರೆ ನೂರನೇ ದಿನದ ಸ್ಟಾರ್ ಕಟ್ಟಿ ಬಿಚ್ಚುವಷ್ಟು ಹೊತ್ತು.

ಇಷ್ಟೆಲ್ಲ ಪರಿಣತಿ ಪರೀಕ್ಷೆಗೆ ಬಂದದ್ದು 2025ರ ಆಗಸ್ಟ್ 8ರ ಶುಕ್ರವಾರ. ಅವತ್ತು ವರಮಹಾಲಕ್ಷ್ಮಿ ವ್ರತ. ಅಮ್ಮ ರಜೆ ಹಾಕಿ, ಕಲಶದ ಚೊಂಬಿಗೆ ಮರದ ಸ್ಕೇಲು ಕಟ್ಟಿ, ಅದಕ್ಕೆ ಸೀರೆ ನೆರಿಗೆ ಹಿಡಿದು ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದ್ದರು. ಆಫೀಸು ಮುಗಿಸಿಕೊಂಡು ಅರಿಶಿನ ಕುಂಕುಮಕ್ಕೆ ಬಂದವರು ಬೂಟು ಬಿಚ್ಚುತ್ತಿದ್ದಾರೆ. ಜರಿಲಂಗ ಉಟ್ಟ ಮಗಳು ತಾಂಬೂಲದ ತಟ್ಟೆ ಹಿಡಿದು ನಿಂತಿದ್ದಾಳೆ, ವೀಳ್ಯದೆಲೆಯ ಕೆಳಗೆ ಫೋನು. ಹಿಂದಿನ ವಾರ ಮೊದಲ ಸ್ಥಾನಕ್ಕೇರಿದ್ದ ಅವಳ ಮೆಚ್ಚಿನ ‘ಗೋಲ್ಡನ್’ ಹಾಡು ಈ ವಾರ ಜಾರಿತು. ಆ ಜಾಗದಲ್ಲಿ ಚ್ಯಾಪೆಲ್ ರೋನ್ ಹಾಡಿದ ‘ದಿ ಸಬ್‌ವೇ’. ಮಗಳ ಮುಖ ಬಾಡಿತು.

ಕುಂಕುಮ ಇಡಿಸಿಕೊಳ್ಳುತ್ತಿದ್ದ ಆಂಟಿಯೊಬ್ಬರಿಗೆ ಗಾಬರಿ. ಆಗಸ್ಟ್ ಅಂದರೆ ಅಲ್ಲಿ ಶಾಲಾ ಪರೀಕ್ಷೆಗಳ ಫಲಿತಾಂಶದ ತಿಂಗಳು.

“ಯಾಕಮ್ಮಾ ಪುಟ್ಟಿ, ರಿಸಲ್ಟ್ ಬಂತಾ?”

“ಫಸ್ಟ್ ಬರ್ಲಿಲ್ಲ ಆಂಟಿ.”

“ಹೋಗ್ಲಿ ಬಿಡು, ಮುಂದಿನ ಸಲ ಬರುತ್ತೆ. ಫಸ್ಟ್ ಯಾರು? ಇಲ್ಲಿಯವಳಾ?”

“ಅಮೆರಿಕನ್.”

“ನೋಡಿದ್ರಾ, ಅಮೆರಿಕಾದವ್ರು ಇಲ್ಲಿಗೂ ಬಂದು ಸೀಟ್ ಹಿಡೀತಾರೆ!”

ಗೋಲ್ಡನ್ ಹಾಡಿದವರಾದರೂ ಅಪ್ಪಟ ಸ್ಥಳೀಯರಲ್ಲ, ಅಷ್ಟೇಕೆ, ಅವರು ಇಲ್ಲವೇ ಇಲ್ಲ. ‘ಕೆಪಾಪ್ ಡೀಮನ್ ಹಂಟರ್ಸ್’ ಎಂಬ ನೆಟ್‌ಫ್ಲಿಕ್ಸ್ ಅನಿಮೇಷನ್ ಚಿತ್ರದ ಬೊಂಬೆ ಹುಡುಗಿಯರು ಅವರು, ಹಂಟ್ರಿಕ್ಸ್ ಎಂಬ ತಂಡ. ದನಿ ಕೊಟ್ಟವರು ಈಜೇ, ಆಡ್ರಿ ನೂನಾ, ರೇ ಆಮಿ. ಇಲ್ಲದ ತಂಡ ಚಾರ್ಟಿನ ತುದಿ ಏರುವುದು ಹೊಸದೇನಲ್ಲ. 1969ರಲ್ಲಿ ಆರ್ಚೀಸ್ ಎಂಬ ಕಾರ್ಟೂನ್ ತಂಡ ಎಂಟು ವಾರ ಅಲ್ಲೇ ಕೂತಿತ್ತು. 2005ರಲ್ಲಿ ಕ್ರೇಜಿ ಫ್ರಾಗ್ ಎಂಬ ಮೊಬೈಲ್ ರಿಂಗ್‌ಟೋನಿನ ಕಪ್ಪೆ ಕೋಲ್ಡ್‌ಪ್ಲೇ ತಂಡವನ್ನೇ ಎರಡನೆಯ ಸ್ಥಾನಕ್ಕೆ ತಳ್ಳಿತು. ಆದರೂ ಅಲ್ಲಿನವರಿಗೆ ಮೂತಿ ಒಬ್ಬರದು, ಕಂಠ ಇನ್ನೊಬ್ಬರದು ಎಂದರೆ ಏನೋ ಮೋಸದ ವಾಸನೆ. ಅಜ್ಜಿಗೆ ಇದರಲ್ಲಿ ವಿಶೇಷವೇ ಕಾಣಲಿಲ್ಲ. ರಾಜ್‌ಕುಮಾರ್ ತುಟಿಯಲ್ಲಿ ಪಿ.ಬಿ. ಶ್ರೀನಿವಾಸ್, ಕಲ್ಪನಾ ತುಟಿಯಲ್ಲಿ ಎಸ್. ಜಾನಕಿ. ಅದನ್ನು ನೋಡುತ್ತಲೇ ಬೆಳೆದವರಿಗೆ ಬೊಂಬೆಯ ತುಟಿ ಯಾವ ಲೆಕ್ಕ?

ಮುಂದಿನ ಶುಕ್ರವಾರ ಗೋಲ್ಡನ್ ಮತ್ತೆ ಮೊದಲ ಸ್ಥಾನಕ್ಕೆ ಬಂತು. ಆಂಟಿಯ ಬಾಯಿ ಒಳ್ಳೇ ಬಾಯಿ ಎಂಬ ಖ್ಯಾತಿ ಬ್ರ್ಯಾಕ್‌ನೆಲ್‌ವರೆಗೂ ಹಬ್ಬಿ, ಡ್ರೈವಿಂಗ್ ಟೆಸ್ಟ್ ಇದ್ದವರೆಲ್ಲ ಅವರಿಗೆ ಫೋನ್ ಮಾಡತೊಡಗಿದರು.

ಇಷ್ಟಾದ ಮೇಲೆ ಅಪ್ಪನ ತಲೆಯಲ್ಲಿ ಹುಳ ಹೊಕ್ಕಿತು. 1998ರಲ್ಲಿ ಕಾರ್ನರ್‌ಶಾಪ್ ತಂಡದವರು ಆಶಾ ಭೋಸ್ಲೆ ಹೆಸರಲ್ಲಿ ಕಟ್ಟಿದ ಹಾಡು ಮೊದಲ ಸ್ಥಾನ ಪಡೆದಿತ್ತು. 2003ರಲ್ಲಿ ಪಂಜಾಬಿ ಎಂಸಿಯ ‘ಮುಂಡಿಯಾಂ ತೊ ಬಚ್ ಕೆ’ ಐದನೆಯದಾಯಿತು, ಅದೂ ಪಂಜಾಬಿಯಲ್ಲೇ ಹಾಡಿ. ಕನ್ನಡ ಯಾಕೆ ಬರಬಾರದು? ರಾಜ್ಯೋತ್ಸವದ ವಾರ ಎಲ್ಲರೂ ಸೇರಿ ಒಂದೇ ಹಾಡನ್ನು ಕೊಂಡರೆ ಆಯಿತು. 2009ರಲ್ಲಿ ಗಂಡ ಹೆಂಡತಿ ಇಬ್ಬರೇ ಫೇಸ್‌ಬುಕ್ಕಿನಲ್ಲಿ ಕರೆ ಕೊಟ್ಟು ರೇಜ್ ಅಗೇನ್ಸ್ಟ್ ದ ಮಷೀನ್ ತಂಡದ ಹಳೇ ಹಾಡನ್ನು ಕ್ರಿಸ್ಮಸ್ ವಾರದ ಮೊದಲ ಸ್ಥಾನಕ್ಕೆ ತಂದಿದ್ದರು. ಅದಕ್ಕೆ ಬಿದ್ದದ್ದು ಐದು ಲಕ್ಷಕ್ಕೂ ಹೆಚ್ಚು ಡೌನ್‌ಲೋಡು. ಈ ಕೊನೆಯ ವಾಕ್ಯವನ್ನು ಅಪ್ಪ ಕನ್ನಡ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಲಿಲ್ಲ.

ಹಾಡು ಯಾವುದು? ರಾಜ್ ಎಂದರು ಹಲವರು. ಆಗ ಮಗ ಇನ್ನೊಂದು ನಿಯಮ ತೆಗೆದ. 2017ರ ಮಾರ್ಚಿನಲ್ಲಿ ಎಡ್ ಶೀರನ್ನನ ಹದಿನಾರು ಹಾಡು ಒಟ್ಟಿಗೇ ಮೊದಲ ಇಪ್ಪತ್ತರೊಳಗೆ ನುಗ್ಗಿದ್ದರಿಂದ, ಆ ವರ್ಷದ ಜುಲೈಯಿಂದ ಒಬ್ಬ ಗಾಯಕನಿಗೆ ಪಟ್ಟಿಯಲ್ಲಿ ಮೂರೇ ಹಾಡು. ಅಣ್ಣಾವ್ರ ಹಾಡುಗಳಲ್ಲಿ ಮೂರನ್ನು ಆರಿಸುವುದು! ಗುಂಪು ಹೊತ್ತಿಕೊಂಡಿತು. ಎರಡನೆಯ ದಿನ ವಿಷ್ಣು ಅಭಿಮಾನಿಗಳು ಎದ್ದರು. ಮೂರನೆಯ ದಿನ ಭಾವಗೀತೆಯವರು, ಚಿತ್ರಗೀತೆ ಕನ್ನಡದ ಪ್ರತಿನಿಧಿಯಲ್ಲ ಎಂದು ಉದ್ದನೆಯ ಟಿಪ್ಪಣಿ ಹಾಕಿದರು. ಅದಕ್ಕೆ ಧಾರವಾಡದ ಡಾಕ್ಟರೊಬ್ಬರ ಉತ್ತರ: “ನಮ್ಮ ಕಡೀ ಜಾನಪದ ಯಾರಿಗೂ ನೆನಪ ಆಗಂಗಿಲ್ಲ ನೋಡ್ರಿ.” ಮಂಗಳೂರಿನವರು ತುಳು ಹಾಡೂ ನಡೆಯುತ್ತದೆಯೇ ಎಂದು ವಿಚಾರಿಸಿದರು. ಒಬ್ಬರು ಇದಕ್ಕೆ ಸಂಬಂಧವೇ ಇಲ್ಲದೆ ಶುಭೋದಯ ಹಾಕಿದರು, ಅದಕ್ಕೆ ಹದಿನಾಲ್ಕು ಜನ ಕೈ ಮುಗಿದರು.

ಕೊನೆಗೆ ಅಮ್ಮ, ಲೆಕ್ಕಪತ್ರದವರಲ್ಲವೇ, ನೇರ ಸಂಘದ ಖಜಾಂಚಿಯವರನ್ನೇ ಕೇಳಿದರು. ಡೌನ್‌ಲೋಡಿಗೆ ತಲಾ 99 ಪೆನ್ಸ್, ಸದಸ್ಯರಿಂದ ವಸೂಲಿ ಮಾಡಿಕೊಡಲು ಆಗುತ್ತದೆಯೇ?

ಖಜಾಂಚಿ ಅರ್ಧ ಗಂಟೆ ಏನನ್ನೋ ಟೈಪ್ ಮಾಡುತ್ತಲೇ ಇದ್ದರು. ಆಮೇಲೆ ಬಂದ ಉತ್ತರ ಚಿಕ್ಕದು: “ಅಕ್ಕಾ, ಹೋದ ಯುಗಾದಿ ಊಟದ ದುಡ್ಡು ಇನ್ನೂ ಇಪ್ಪತ್ತಮೂರು ಮನೆಯಿಂದ ಬರಬೇಕು. ನಿಮ್ಮನೇದೂ ಸೇರಿ.”