ವೇಳಾಪಟ್ಟಿಯ ರಾಯರು

ಬನಶಂಕರಿಯಿಂದ ವೈಟ್‌ಫೀಲ್ಡಿನವರೆಗೆ ಬೆಂಗಳೂರಿನ ಯಾವ ಬಡಾವಣೆಯನ್ನು ಹೊಕ್ಕರೂ, ಸೊಂಟದಿಂದ ಮೇಲೆ ಇಸ್ತ್ರಿ ಮಾಡಿದ ಅಂಗಿಯನ್ನೂ ಸೊಂಟದಿಂದ ಕೆಳಗೆ ಮಾಸಿದ ಪಂಚೆಯನ್ನೂ ಧರಿಸಿ, ಒಂದು ಕೈಯಲ್ಲಿ ಲ್ಯಾಪ್‌ಟಾಪನ್ನೂ ಇನ್ನೊಂದರಲ್ಲಿ ಮಗುವಿನ ಹಾಲಿನ ಲೋಟವನ್ನೂ ಹಿಡಿದು, ಊಟದ ಮೇಜಿಗೂ ಬಾಲ್ಕನಿಗೂ ನಡುವೆ ವೈಫೈ ಅರಸುತ್ತ ಸಂಚರಿಸುವ ಗೃಹಸ್ಥರೊಬ್ಬರು ಕಾಣಸಿಗುತ್ತಾರೆ. ಅವರನ್ನು ನಾವು ವೇಳಾಪಟ್ಟಿಯ ರಾಯರೆಂದು ಕರೆಯೋಣ. 2020ರ ಮಾರ್ಚಿಗೆ ಮೊದಲು ಈ ಪ್ರಭೇದವು ವಿರಳವಾಗಿತ್ತು. ಆ ತಿಂಗಳ 25ರಿಂದ ದೇಶಕ್ಕೆ ದೇಶವೇ ಬಾಗಿಲಿಕ್ಕಿಕೊಂಡಾಗ ಹೇರಳವಾಗಿ ಹುಟ್ಟಿ, ಬಾಗಿಲು ತೆರೆದ ತರುವಾಯವೂ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನದಟ್ಟಣೆಯ ಭಯದಿಂದಲೋ ಗೃಹಸೌಖ್ಯದ ಆಸೆಯಿಂದಲೋ, ಅಳಿಯದೆ ಉಳಿದುಕೊಂಡಿತು.

ರಾಯರ ಧರ್ಮಶಾಸ್ತ್ರವು ಫ್ರಿಜ್ಜಿನ ಬಾಗಿಲ ಮೇಲಿದೆ. ಕಚೇರಿಗೆ ಹಸುರು, ಮಗಳಿಗೆ ಹಳದಿ, ಆತ್ಮೋನ್ನತಿಗೆ ನೀಲಿ ಎಂದು ಮೂರು ವರ್ಣಗಳಲ್ಲಿ ಚೌಕಚೌಕವಾಗಿ ಬರೆದ ಆ ಪಟ್ಟಿಯಲ್ಲಿ, ಏಳು ಗಂಟೆ ಹತ್ತು ನಿಮಿಷಕ್ಕೆ ದಂತಧಾವನ, ಏಳು ಹದಿನಾಲ್ಕಕ್ಕೆ ಹಾಲು, ಏಳು ಇಪ್ಪತ್ತರಿಂದ ಏಳೂವರೆಯವರೆಗೆ ‘ಅಳು, ಸಂಭವನೀಯ’ ಎಂದು ನಮೂದಾಗಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶಿಸ್ತೆಂಬುದು ಬರೆದಿಡಬಹುದಾದ ವಸ್ತು, ಬರೆದುದು ನಡೆಯದಿದ್ದರೆ ದೋಷವು ಬರವಣಿಗೆಯದೇ ಹೊರತು ಬಾಳಿನದಲ್ಲ ಎಂಬುದು ಅವರ ಅಚಲವಾದ ಶ್ರದ್ಧೆಯಾದುದರಿಂದ, ಪ್ರತಿ ಭಾನುವಾರ ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಆ ಪಟ್ಟಿಯ ಪರಿಷ್ಕೃತ ಮುದ್ರಣವೊಂದು ಹೊರಬರುತ್ತದೆ. ಶ್ರೀಮತಿಯವರು ಬ್ಯಾಂಕೊಂದರ ಶಾಖೆಗೆ ನಿತ್ಯ ಹೋಗಿಬರುವವರು. ಅವರಿಗೆ ಪಟ್ಟಿಯಿಲ್ಲ, ಬಸ್ಸಿದೆ.

ಇಟಲಿಯ ಫ್ರಾನ್ಚೆಸ್ಕೊ ಚಿರಿಲ್ಲೊ ಎಂಬವರು, 1980ರ ದಶಕದಲ್ಲಿ ವಿದ್ಯಾರ್ಥಿಯಾಗಿದ್ದಾಗ, ಟೊಮೇಟೊ ಹಣ್ಣಿನ ಆಕಾರದ ಅಡುಗೆಮನೆಯ ಗಡಿಯಾರವೊಂದನ್ನು ಎದುರಿಗಿಟ್ಟುಕೊಂಡು, 25 ನಿಮಿಷ ಏಕಾಗ್ರವಾದ ಕೆಲಸ, ಐದು ನಿಮಿಷ ವಿರಾಮ ಎಂಬ ಕ್ರಮವನ್ನು ಕಂಡುಕೊಂಡರಷ್ಟೆ. ರಾಯರು ಇದನ್ನು ಓದಿ, ಅಂಥದೇ ಗಡಿಯಾರವನ್ನು ತರಿಸಿ, ಅತ್ತೆಯವರಿಗೆ ಅದರ ತತ್ತ್ವವನ್ನು ಸವಿಸ್ತಾರವಾಗಿ ಉಪದೇಶಿಸಿದರು. ಆ ವೃದ್ಧೆ ಸಾವಧಾನವಾಗಿ ಕೇಳಿ, “ನಮ್ಮ ಘಳಿಗೆಗೆ 24 ನಿಮಿಷವಪ್ಪ, ಆ ಮಿಕ್ಕ ಒಂದು ನಿಮಿಷದಲ್ಲಿ ಆತ ಏನು ಮಾಡುತ್ತಿದ್ದ?” ಎಂದರಂತೆ. ಟೊಮೇಟೊ ಗಡಿಯಾರವು ಈಗ ಮಗಳ ಆಟದ ಪಾತ್ರೆಯಲ್ಲಿ, ಸಾರಿಗೆ ಬಿದ್ದಿದೆ.

ಮೇಲ್ಪಂಕ್ತಿ ಬೇಕಾದಾಗ ರಾಯರು ಉದಾಹರಿಸುವ ಹೆಸರು ಲಿಲಿಯನ್ ಗಿಲ್‌ಬ್ರೆತ್ ಎಂಬ ಅಮೆರಿಕದ ಮಹಿಳೆಯದು. ಕಾರ್ಮಿಕರ ಕೈಚಲನೆಗಳನ್ನು ಪತಿಯೊಡನೆ ಚಲನಚಿತ್ರದಲ್ಲಿ ಹಿಡಿದು, ವ್ಯರ್ಥವಾದ ಚಲನೆಯನ್ನು ತೊಡೆಯುವ ಶಾಸ್ತ್ರವನ್ನು ಕಟ್ಟಿದ ಆಕೆ, 1924ರಲ್ಲಿ ವಿಧವೆಯಾದ ಬಳಿಕ, ಮನೆತುಂಬ ಮಕ್ಕಳನ್ನಿಟ್ಟುಕೊಂಡೂ ಆ ವೃತ್ತಿಯನ್ನು ಬಿಡದೆ ಮುಂದುವರಿಸಿದವರು. ಹೆತ್ತದ್ದು ಹನ್ನೆರಡು ಮಕ್ಕಳನ್ನು. “ಅವರಿಗೆ ಹನ್ನೆರಡು, ನನಗೆ ಒಂದೇ!” ಎಂದು ರಾಯರು ಸಮಾಧಾನಪಡುತ್ತಾರೆ, ಆ ಮನೆಯಲ್ಲಿ ಒಬ್ಬ ಆಳೂ ಇದ್ದನೆಂಬ ಸಂಗತಿ ಅವರು ಓದಿದ ಪುಟದಲ್ಲಿ ಇರಲಿಲ್ಲವೆಂದು ತೋರುತ್ತದೆ. ಫ್ರಿಜ್ಜಿನ ಬಾಗಿಲ ಒಳಮೈಗೆ ಗೂಡುಗಳನ್ನು ಯೋಜಿಸಿದ ಕೀರ್ತಿಯನ್ನೂ ಆಕೆಗೇ ಕೊಡುವುದುಂಟು. ಅಂತೂ ಆ ಬಾಗಿಲ ಒಳಗಿನ ವ್ಯವಸ್ಥೆ ಆಕೆಯದು, ಹೊರಗಿನದು ರಾಯರದು. ಮನೆಯವರು ಒಳಗಿನದನ್ನೇ ಹೆಚ್ಚಾಗಿ ಬಳಸುತ್ತಾರೆ.

ಹಗಲು ಹೇಗೋ ಕಳೆಯುತ್ತದೆ. ಕುಕ್ಕರಿನ ಸೀಟಿ, ತರಕಾರಿಯವನ ಧ್ವನಿವರ್ಧಕ, ಕೊರಿಯರಿನವನ ಕರೆಗಂಟೆ, ಇವೆಲ್ಲ ಎಲ್ಲರ ಮನೆಯಲ್ಲೂ ಇದ್ದದ್ದೇ. ರಾಯರ ನಿಜವಾದ ಪರೀಕ್ಷೆ ಸಂಧ್ಯಾಕಾಲದ್ದು. ಕ್ಲೈಂಟಿನೊಡನೆ ಸಭೆ ಸೇರುವ ನ್ಯೂಯಾರ್ಕಿನ ಬೆಳಗಿನ ಒಂಬತ್ತು ಗಂಟೆ ಬೇಸಗೆಯಲ್ಲಿ ನಮ್ಮ ಸಂಜೆಯ ಆರೂವರೆ. ನವೆಂಬರಿನಲ್ಲಿ ಆ ದೇಶದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದೊಡನೆ ಅದೇ ಸಭೆ ಏಳೂವರೆಗೆ ಜಾರಿ, ನೆಟ್ಟಗೆ ಮಗಳ ಊಟದ ಮೇಲೆ ಬೀಳುತ್ತದೆ. ಹಳದಿಯೂ ಹಸುರೂ ಒಂದೇ ಚೌಕದಲ್ಲಿ ಕಲಸಿಹೋಗುವ ಆ ಮುಹೂರ್ತದಲ್ಲಿ ರಾಯರನ್ನು ನೋಡಬೇಕು. ಬಲಗೈಯ ಹೆಬ್ಬೆರಳನ್ನು ಮ್ಯೂಟ್ ಗುಂಡಿಯ ಮೇಲೆ ವೀಣೆಯ ತಂತಿಯ ಮೇಲಿಟ್ಟಂತೆ ಹಗುರವಾಗಿ ಇರಿಸಿ, ಎಡಗೈಯಿಂದ ಮೊಸರನ್ನದ ತುತ್ತನ್ನು ಚಮಚದಲ್ಲಿ ಎತ್ತಿ, ಕ್ಲೈಂಟಿಗೆ ಒಂದು ವಾಕ್ಯ, ಮಗಳಿಗೆ ನರಿಯ ಕಥೆಯ ಒಂದು ವಾಕ್ಯ, ಮತ್ತೆ ಕ್ಲೈಂಟಿಗೆ ಒಂದು, ಹೀಗೆ ಎರಡು ಖಂಡಗಳನ್ನು ಏಕಕಾಲದಲ್ಲಿ ಸಂತೈಸುತ್ತ, ನರಿ ಬಾವಿಗೆ ಬೀಳುವ ಹೊತ್ತಿಗೂ ತ್ರೈಮಾಸಿಕ ವರದಿ ಮುಗಿಯುವ ಹೊತ್ತಿಗೂ ಬಟ್ಟಲು ಬರಿದಾಗುವ ಹೊತ್ತಿಗೂ ಒಂದು ಕ್ಷಣದ ಅಂತರವೂ ಬಾರದಂತೆ ನಡೆಸಿಕೊಂಡು ಹೋಗುವ ಅವರ ನೈಪುಣ್ಯವನ್ನು ಕಂಡಿದ್ದರೆ, ಗಿಲ್‌ಬ್ರೆತ್ ದಂಪತಿಗಳು ಅವಶ್ಯವಾಗಿ ಚಿತ್ರೀಕರಿಸುತ್ತಿದ್ದರು. ನರಿ ಒಮ್ಮೊಮ್ಮೆ ನ್ಯೂಯಾರ್ಕಿಗೂ ಹೋಗಿದೆ ಎಂಬ ವದಂತಿಯುಂಟು. ಅದಕ್ಕೆ ಆಧಾರವಿಲ್ಲ.

ವಿಚಿತ್ರವೇನೆಂದರೆ, ಈ ಪರಮ ವ್ಯವಸ್ಥೆಯನ್ನು ರಾಯರು ವ್ಯವಸ್ಥೆಯೆಂದೇ ಒಪ್ಪುವುದಿಲ್ಲ. ಪಟ್ಟಿಯಲ್ಲಿ ಅದಕ್ಕೆ ಚೌಕವಿಲ್ಲವಾದುದರಿಂದ ಅದು ಅವರ ದೃಷ್ಟಿಯಲ್ಲಿ ಅನಾಹುತ. ದಿನಚರಿಯಲ್ಲಿ ‘ಅಡಚಣೆ’ ಎಂದು ಬರೆದು, ಭಾನುವಾರ ರಾತ್ರಿ ಅದರ ಪರಿಹಾರಾರ್ಥವಾಗಿ ನಾಲ್ಕನೆಯ ಬಣ್ಣವೊಂದನ್ನು ಹುಡುಕುತ್ತಾರೆ. ಕೈ ಬಲ್ಲುದನ್ನು ಕಾಗದ ಬಲ್ಲುದೆಂದು ನಂಬಿದವರ ಪಾಡೇ ಹೀಗೆ ಎಂದು ನನಗನ್ನಿಸುತ್ತದೆ. ಆದರೆ ರಾಯರೊಡನೆ ವಾದಿಸೋಣವೆಂದರೆ ಅವರಿಗೆ ಬಿಡುವಿಲ್ಲ. ವಿರಾಮವೂ ಅಲ್ಲಿ ಚೌಕದೊಳಗೇ ಇದೆ.

ಒಂದೇ ಒಂದು ಹೊತ್ತು ಮಾತ್ರ ಇದಕ್ಕೆ ಅಪವಾದ. ಫ್ರಿಜ್ಜಿನ ಪಕ್ಕದ ಗೋಡೆಯಲ್ಲಿ ಅತ್ತೆಯವರ ಒಂಟಿಕೊಪ್ಪಲ್ ಪಂಚಾಂಗವು ಮೊಳೆಗೆ ತೂಗುತ್ತಿದೆ. ರಾಹುಕಾಲದಲ್ಲಿ ಯಾವ ಹೊಸ ಕಾರ್ಯವನ್ನೂ ಆರಂಭಿಸಕೂಡದೆಂಬುದು ಆಕೆಯ ಆಜ್ಞೆ, ಮತ್ತು ಸಭೆಯೆಂಬುದು ಪ್ರತಿಬಾರಿಯೂ ಹೊಸ ಕಾರ್ಯವೇ. ಆದಕಾರಣ, ರಾಯರೊಡನೆ ನೆಮ್ಮದಿಯಾಗಿ ಕಾಫಿ ಕುಡಿಯಬೇಕೆಂಬ ಓದುಗರು ಮಂಗಳವಾರ ಮಧ್ಯಾಹ್ನ ಮೂರರಿಂದ ನಾಲ್ಕೂವರೆಯೊಳಗೆ ಹೋಗತಕ್ಕದ್ದು. ಕಚೇರಿಯ ಕ್ಯಾಲೆಂಡರಿನಲ್ಲಿ ಆ ಅವಧಿಯು ‘ಫೋಕಸ್ ಟೈಮ್’ ಎಂದು ನಮೂದಾಗಿದೆ. ಅದನ್ನು ಕಂಡು ಹಿಂಜರಿಯಬೇಡಿ.