ಓಡಿಸುವವನೊಬ್ಬ, ಆಡುವವರು ಮನೆಮಂದಿ

ವಿಂಡೋಸ್‌ಗೆಂದು ಮಾಡಿದ ಆಟಗಳು ಈಗ ಲಿನಕ್ಸ್‌ನಲ್ಲಿ ಸಲೀಸಾಗಿ ಓಡುತ್ತವೆ. ಇದರಿಂದ ಲೋಕಕ್ಕೆ ಒಳ್ಳೆಯದೇ ಆಗಿರಬಹುದು. ನನಗಂತೂ ಮನೆಯಲ್ಲಿದ್ದ ಚೂರುಪಾರು ಮರ್ಯಾದೆಯೂ ಹೋಯಿತು.

ಮೊದಲು ಹೀಗಿರಲಿಲ್ಲ. ಒಂದು ಆಟ ಓಡಿಸಲು ಒಂದು ಇಡೀ ಭಾನುವಾರ ಬೇಕಿತ್ತು. ಟರ್ಮಿನಲ್ ತೆರೆದು, ವೈನ್ ಎಂಬ ತಂತ್ರಾಂಶದ ಕೈಗೆ ಆಟವನ್ನು ಒಪ್ಪಿಸಿದರೆ 'ಫಿಕ್ಸ್‌ಮಿ, ಫಿಕ್ಸ್‌ಮಿ' ಎಂದು ಶುರುವಾಗುವ ಸಾಲುಗಳು ಪರದೆಯ ತುಂಬ ಧೋ ಎಂದು ಸುರಿಯುತ್ತಿದ್ದವು. ಅವುಗಳಲ್ಲಿ ಬಹುಪಾಲು ಯಾರಿಗೂ ತೊಂದರೆ ಕೊಡದ ಸಾಲುಗಳು. ಆದರೆ ಗಲ್ಲಕ್ಕೆ ಕೈಕೊಟ್ಟು ಅವನ್ನೇ ದಿಟ್ಟಿಸುತ್ತ ಕೂತರೆ ಅದರ ಗತ್ತೇ ಬೇರೆ. "ಅವನನ್ನ ಮಾತಾಡಿಸ್ಬೇಡಿ, ಏನೋ ದೊಡ್ಡ ಕೆಲಸ ನಡೀತಿದೆ" ಎಂದು ಅಮ್ಮ ಬಂದ ನೆಂಟರಿಗೆ ಪಿಸುಗುಟ್ಟುತ್ತಿದ್ದರು. ದೊಡ್ಡ ಕೆಲಸ ಏನೆಂದರೆ, ರೇಸಿನ ಕಾರಿಗೆ ಚಕ್ರಗಳು ಕಾಣುತ್ತಿರಲಿಲ್ಲ. ಸಂಜೆ ಹೊತ್ತಿಗೆ ಚಕ್ರ ಬರುತ್ತಿತ್ತು, ಸದ್ದು ಹೋಗುತ್ತಿತ್ತು. ಅಷ್ಟರಲ್ಲಿ ಮಾರ್ಕೆಟ್ಟಿಗೆ ಹೋಗುವ ಹೊತ್ತೂ ಮೀರಿರುತ್ತಿತ್ತು.

(ವೈನ್ ಎಂಬ ಹೆಸರಿನ ಮೇಲೆ ಮಾಡಬಹುದಾದ ಹಾಸ್ಯವನ್ನೆಲ್ಲ ನನ್ನ ಭಾವಮೈದುನ ಎಂದೋ ಮಾಡಿ ಮುಗಿಸಿದ್ದಾನೆ. ಇಲ್ಲಿ ಮತ್ತೆ ಬೇಡ.)

1993ರಲ್ಲಿ ಶುರುವಾದ ವೈನ್‌ನ 1.0 ಆವೃತ್ತಿ ಹೊರಬಂದದ್ದು 2008ರಲ್ಲಿ. ಹದಿನೈದು ವರ್ಷ! ಅವಸರವೆಂಬುದೇ ಇಲ್ಲದ ಈ ಮಹಾಕಾರ್ಯದಲ್ಲಿ ನನ್ನದೂ ಒಂದು ಪಾಲಿದೆ ಎಂದು ನಾನು ನಂಬಿಕೊಂಡಿದ್ದೆ. ಒಂದು ಸಾಲು ಕೋಡ್ ಬರೆದವನಲ್ಲ. ಕಾಯುವುದರಲ್ಲಿ ಮಾತ್ರ ಯಾರಿಗೂ ಕಡಿಮೆ ಇರಲಿಲ್ಲ.

ಅಷ್ಟರಲ್ಲಿ ಫಿಲಿಪ್ ರೆಬೋಲೆ ಎಂಬಾತನಿಗೆ 'ನಿಯರ್: ಆಟೊಮೆಟಾ' ಎಂಬ ಜಪಾನಿ ಆಟವನ್ನು ಲಿನಕ್ಸ್‌ನಲ್ಲೇ ಆಡಬೇಕೆಂಬ ಹಟ ಹುಟ್ಟಿತು. ಆಡಲಾಗಲಿಲ್ಲ ಎಂದು ನನ್ನ ಹಾಗೆ ಕೊರಗುತ್ತ ಕೂರದೆ ಆತ ಡಿಎಕ್ಸ್‌ವಿಕೆ ಎಂಬುದನ್ನು ಬರೆದೇಬಿಟ್ಟ. ವಾಲ್ವ್ ಕಂಪನಿ ಅವನ ಬೆನ್ನಿಗೆ ನಿಂತಿತು. 2018ರ ಆಗಸ್ಟ್‌ನಲ್ಲಿ ವೈನ್ ಮತ್ತು ಡಿಎಕ್ಸ್‌ವಿಕೆ ಎರಡನ್ನೂ ಸೇರಿಸಿ, ಪ್ರೋಟಾನ್ ಎಂದು ಹೆಸರಿಟ್ಟು ತನ್ನ ಸ್ಟೀಮ್ ಅಂಗಡಿಯೊಳಗೇ ಕೂರಿಸಿತು.

ಡಿಎಕ್ಸ್‌ವಿಕೆ ಕೆಲಸ ಮಾಡುವ ಬಗೆಯನ್ನು ನನ್ನ ಮಗಳನ್ನು ನೋಡಿಯೇ ತಿಳಿಯಬೇಕು. ಅತ್ತೆ-ಸೊಸೆ ಮಾತು ಬಿಟ್ಟ ದಿನಗಳಲ್ಲಿ ಅವಳು ಅಡುಗೆಮನೆಗೂ ಹಾಲ್‌ಗೂ ನಡುವೆ ಓಡಾಡುತ್ತಾಳೆ. ಅಲ್ಲಿಂದ "ಸಾರಿಗೆ ಉಪ್ಪು ಸುರಿದಿದಾಳೆ ನಿಮ್ಮಮ್ಮ" ಎಂದು ಹೊರಟ ಮಾತು ಇಲ್ಲಿಗೆ "ಅಜ್ಜಿಗೆ ಇನ್ನೊಂದು ಸೌಟು ಮಜ್ಜಿಗೆ ಬೇಕಂತೆ" ಎಂದು ತಲುಪುತ್ತದೆ. ಮಜ್ಜಿಗೆ ಹೋಗುತ್ತದೆ, ಊಟ ನಡೆಯುತ್ತದೆ. ಹಾಗೆಯೇ ಆಟ ಹೇಳುವುದು ಡೈರೆಕ್ಟ್‌ಎಕ್ಸ್ ಭಾಷೆಯಲ್ಲಿ. ಡಿಎಕ್ಸ್‌ವಿಕೆ ಅದನ್ನು ವಲ್ಕನ್ ಭಾಷೆಗೆ ತಿರುಗಿಸಿ ಗ್ರಾಫಿಕ್ಸ್ ಕಾರ್ಡಿಗೆ ಮುಟ್ಟಿಸುತ್ತದೆ. ಪ್ರೊಸೆಸರ್ ಅದೇ, ಯಂತ್ರವನ್ನೇನೂ ನಕಲು ಮಾಡಬೇಕಿಲ್ಲ. ಹಾಗಾಗಿ ವೇಗ ಅಷ್ಟಾಗಿ ಸೋರುವುದಿಲ್ಲ.

ಪ್ರೋಟಾನ್ ಬಂದ ಮೇಲೆ ನನಗೆ ಉಳಿದದ್ದು ಒಂದು ಬಟನ್ ಒತ್ತುವ ಕೆಲಸ. ಅದನ್ನು ಅಮ್ಮನೂ ಒತ್ತಬಲ್ಲರು. ಕೆಲವು ಆಟಗಳಿಗೆ ಮೊದಲು 'ವಲ್ಕನ್ ಶೇಡರ್' ಸಿದ್ಧವಾಗಬೇಕು. ಶೇಕಡಾವಾರು ಏರುತ್ತಿರುತ್ತದೆ, ಫ್ಯಾನು ಭೋರ್ಗರೆಯುತ್ತದೆ. ಆಗಲೂ ನಾನು ಹಳೇ ಗತ್ತಿನಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂರುತ್ತಿದ್ದೆ. ಒಂದು ದಿನ ಹೆಂಡತಿ ಹಿಂದಿನಿಂದ ಬಗ್ಗಿ, "ರೀ, ಇಲ್ಲಿ ಸ್ಕಿಪ್ ಅಂತ ಇದೆಯಲ್ಲ" ಎಂದು ಅದನ್ನು ಒತ್ತಿದಳು. ಆಟ ಶುರುವಾಯಿತು. "ಹಾಗೆಲ್ಲ ಒತ್ತಬಾರದು, ಮಧ್ಯೆ ಮಧ್ಯೆ ತಡವರಿಸುತ್ತೆ" ಎಂದೆ. "ತಡವರಿಸ್ತಿರೋದು ನೀವು" ಎಂದಳು.

ಆ ಆಟ ಪವರ್‌ವಾಶ್ ಸಿಮ್ಯುಲೇಟರ್. ಕೊಳೆ ಹಿಡಿದ ವ್ಯಾನು, ಅಂಗಳ, ಗೋಡೆಗಳನ್ನು ನೀರಿನ ಪೈಪು ಹಿಡಿದು ತೊಳೆಯುವುದು, ಅಷ್ಟೇ ಆಟ. ಪ್ರೋಟಾನ್‌ನಲ್ಲಿ ಬೆಣ್ಣೆ ಜಾರಿದಂತೆ ಓಡುತ್ತದೆ. ಎರಡು ಗಂಟೆ ತೊಳೆದು ತೃಪ್ತಿಯಿಂದ ಮೈಮುರಿದಾಗ ಹೆಂಡತಿ ಕೇಳಿದಳು: "ಗೋಡೆ ತೊಳೆಯೋಕೆ ದುಡ್ಡು ಕೊಟ್ರಾ? ನಮ್ಮ ಬಚ್ಚಲಮನೆ ಗೋಡೆ ಪುಕ್ಕಟೆ ಇತ್ತಲ್ರೀ."

ಮಾತು ತಿರುಗಿಸಲೆಂದೇ ನಾನು ಎಲ್ಡನ್ ರಿಂಗ್ ಎಂಬ ಆಟಕ್ಕೆ ಹೋದೆ. 2022ರಲ್ಲಿ ಅದು ಬಿಡುಗಡೆಯಾದಾಗ ವಿಂಡೋಸ್‌ನಲ್ಲಿ ಮುಗ್ಗರಿಸುತ್ತಿತ್ತು. ಲಿನಕ್ಸ್ ಮೇಲೆ ನಡೆಯುವ ಸ್ಟೀಮ್ ಡೆಕ್ ಎಂಬ ಕೈಯಂತ್ರದಲ್ಲಿ ಮುಗ್ಗರಿಸುವುದು ಕಡಿಮೆಯಿತ್ತು. ಇದನ್ನು ನಾನು ಹಾಲಿನವನಿಗೂ ಹೇಳಿದ್ದೇನೆ. ನನ್ನ ಯಂತ್ರದಲ್ಲೂ ಸೆಕೆಂಡಿಗೆ 60 ಫ್ರೇಮ್ ಬರುತ್ತದೆ. ಆಟ ಶುರುವಾಗಿ ಬಯಲಿಗೆ ಕಾಲಿಟ್ಟರೆ ಚಿನ್ನದ ಕವಚ ತೊಟ್ಟ ಕುದುರೆ ಸವಾರನೊಬ್ಬ ಎದುರಾಗುತ್ತಾನೆ. ಅವನ ಕೈಯಲ್ಲಿ ನಾನು ಸಾಯುವುದು ಎಲ್ಲೂ ಒಂದಿಷ್ಟೂ ಕಡಿದುಹೋಗದೆ, ನುಣುಪಾಗಿ ಕಾಣುತ್ತದೆ. ಅವನನ್ನು ದಾಟಿ ಮುಂದೆ ಏನಿದೆ ಎಂಬುದು ಮಗಳಿಗೆ ಗೊತ್ತು.

ಪ್ರೋಟಾನ್‌ಡಿಬಿ ಎಂಬಲ್ಲಿ ಬಳಕೆದಾರರು ಪ್ರತಿ ಆಟಕ್ಕೂ ಪ್ಲಾಟಿನಂ, ಗೋಲ್ಡ್, ಸಿಲ್ವರ್, ಬ್ರಾಂಜ್ ಎಂದು ದರ್ಜೆ ಕೊಡುತ್ತಾರೆ. ಬ್ರಾಂಜ್ ಅಂದರೆ ಓಡುತ್ತದೆ, ಆದರೆ ಆಗಾಗ ಕುಸಿಯುತ್ತದೆ. ಮಗಳು ನನಗೆ ಕೊಟ್ಟಿರುವುದು ಅದೇ.

ಅವಳೇ ಮೊನ್ನೆ ಬಂದು, "ಅಪ್ಪ, ವ್ಯಾಲರಂಟ್ ಹಾಕ್ಕೊಡ್ತೀಯಾ? ಇದ್ರಲ್ಲಿ ಬರಲ್ವಂತೆ" ಎಂದಳು. ಬರಲ್ವಂತೆ! ಎಷ್ಟು ಕಾಲವಾಗಿತ್ತು ಈ ಮಾತು ಕಿವಿಗೆ ಬಿದ್ದು. ನಾನು ಕುರ್ಚಿ ಎಳೆದುಕೊಂಡೆ. ಆ ಆಟದ ಮೋಸತಡೆ ತಂತ್ರಾಂಶ ವ್ಯಾನ್‌ಗಾರ್ಡ್ ವಿಂಡೋಸ್‌ನ ಕರ್ನಲ್‌ನಲ್ಲೇ ಬೀಡು ಬಿಡುತ್ತದೆ, ಲಿನಕ್ಸ್‌ನಲ್ಲಿ ಅದಕ್ಕೆ ಕಾಲಿಡಲು ಜಾಗವಿಲ್ಲ. ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಎಂಬ ಬೇರೆ ಮೋಸತಡೆ ತಂತ್ರಾಂಶಗಳು 2021ರಿಂದ ಪ್ರೋಟಾನ್‌ಗೆ ಹೊಂದುತ್ತವೆ, ಆದರೆ ಆಟದವರು ಒಪ್ಪಿ ಬಾಗಿಲು ತೆರೆಯಬೇಕು. ಅಪೆಕ್ಸ್ ಲೆಜೆಂಡ್ಸ್ ಎಂಬ ಆಟ ತೆರೆದಿದ್ದ ಬಾಗಿಲನ್ನು 2024ರಲ್ಲಿ ಮುಚ್ಚಿತು ಎಂದು ಸ್ವಾರಸ್ಯವಾಗಿ ವಿವರಿಸಿ ತಿರುಗಿ ನೋಡಿದರೆ, ಕೇಳುತ್ತಿದ್ದವರು ಅಮ್ಮ ಒಬ್ಬರೇ. ಮಗಳು ಸೋದರಮಾವನ ಮನೆಗೆ ಹೋಗಿ ಆಗಿತ್ತು. ಅಲ್ಲಿ ವಿಂಡೋಸ್ 11 ಇದೆ.

ಸಂಜೆ ಅವಳನ್ನು ಬಿಡಲು ಬಂದ ಭಾವಮೈದುನ ಒಂದು ಪೆನ್‌ಡ್ರೈವ್ ತಂದಿದ್ದ. ಅದರಲ್ಲಿ 1991ರ ಸ್ಕೀಫ್ರೀ: ಹಿಮದಲ್ಲಿ ಜಾರುವ, ಕೊನೆಗೆ ರಾಕ್ಷಸನೊಬ್ಬ ಬಂದು ನುಂಗುವ ಆ ಹಳೇ ಆಟ. ಅವನ ಹೊಸ ಲ್ಯಾಪ್‌ಟಾಪ್‌ನಲ್ಲಿ ಓಡುವುದಿಲ್ಲವಂತೆ. ಓಡುವುದು ಹೇಗೆ? 64 ಬಿಟ್‌ನ ವಿಂಡೋಸ್ ಈ 16 ಬಿಟ್‌ನ ಮುದುಕರನ್ನು ಒಳಗೇ ಬಿಡುವುದಿಲ್ಲ. ವೈನ್ ಬಿಡುತ್ತದೆ. ನಾನು ಟರ್ಮಿನಲ್ ತೆರೆದೆ. ಫಿಕ್ಸ್‌ಮಿಗಳು ಸುರಿದವು. ಅಮ್ಮ ಹಾಲ್‌ನಿಂದಲೇ "ಶ್!" ಎಂದರು. ಆಟ ಓಡಿತು.

ಭಾವಮೈದುನ ನನ್ನನ್ನು ಎಬ್ಬಿಸಿ ನನ್ನ ಕುರ್ಚಿಯಲ್ಲಿ ಕೂತ. ಬಜ್ಜಿ ತಟ್ಟೆ ನನ್ನ ಕೈಗೆ ಬಂತು. ಅವನು ಜಾರಿದ, ಮರಕ್ಕೆ ಗುದ್ದಿದ, ಮತ್ತೆ ಜಾರಿದ. ರಾಕ್ಷಸ ಬಂದು ನುಂಗುತ್ತಲೇ ಇದ್ದ. ಎಫ್ ಕೀ ಒತ್ತಿದರೆ ವೇಗ ಹೆಚ್ಚುತ್ತದೆ, ತಪ್ಪಿಸಿಕೊಳ್ಳಬಹುದು ಎಂದು ಹೇಳಲು ಬಾಯಿ ತೆರೆದೆ.

"ಮಧ್ಯೆ ಮಾತಾಡ್ಬೇಡಿ ಭಾವ" ಎಂದು ಅವನು ಇನ್ನೊಂದು ಬಜ್ಜಿ ತೆಗೆದುಕೊಂಡ.