ಪೆಟ್ಟಿಗೆ ಕೊಂಡ ಮೇಲೆ ಹಾವು

ಅಮೆರಿಕದಲ್ಲಿ ಹಾವು ಸಾಕುವವರ ನಡುವೆ ‘ಎತ್ತರದ ಪೆಟ್ಟಿಗೆಯವರು’ ಎಂದು ಕರೆಯಬಹುದಾದ ಒಂದು ವರ್ಗವಿದೆ. ಇವರು ಹಾವಿಗೆಂದು ಪೆಟ್ಟಿಗೆ ಕೊಂಡವರಲ್ಲ, ಪೆಟ್ಟಿಗೆ ಕೊಂಡು ಅದಕ್ಕೆ ಹಾವು ಹುಡುಕುವವರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ಲೋಕ ಕಂಡಿದೆ. ಇವರದು ಕುಲಾವಿಯ ಅಳತೆಗೇ ಕೂಸು ಹುಟ್ಟಬೇಕೆಂಬ ಹಟ.

ಪೆಟ್ಟಿಗೆ ಸಾಮಾನ್ಯವಾಗಿ ಗಾಜಿನದು: 45 ಸೆಂ.ಮೀ. ಅಗಲ, ಅಷ್ಟೇ ಆಳ, 60 ಅಥವಾ 90 ಸೆಂ.ಮೀ. ಎತ್ತರ. ಮುಂದೆ ಬಾಗಿಲು, ಮೇಲೆ ಜಾಲರಿ. ಕಂಡದ್ದು ರಿಯಾಯಿತಿ ಮಾರಾಟದಲ್ಲಿ, ಕೂತದ್ದು ಹಾಲ್‌ನಲ್ಲಿ ಟಿವಿ ಪಕ್ಕದ ಮೂಲೆಯಲ್ಲಿ. ಹಾವು ಬರುವ ಮೊದಲೇ ಒಳಗೆ ಪ್ಲಾಸ್ಟಿಕ್ ಬಳ್ಳಿ ಇಳಿಬಿಟ್ಟಿರುತ್ತದೆ, ಪುಟ್ಟ ಪಂಪಿನ ಜಲಪಾತ ಸುರಿಯುತ್ತಿರುತ್ತದೆ. ಮನೆಗೆ ಬಂದವರಿಗೆ ಯಜಮಾನರು ಮೇಲಿನ ಕೊಂಬೆಯತ್ತ ಬೆರಳು ಮಾಡಿ, “ಇಲ್ಲಿ ಕೂರುತ್ತೆ” ಎನ್ನುತ್ತಾರೆ. ಬಂದವರು ಖಾಲಿ ಕೊಂಬೆಯನ್ನು ಮರ್ಯಾದೆಯಿಂದ ನೋಡುತ್ತಾರೆ.

ಮೊದಲು ಮನಸ್ಸಿಗೆ ಬರುವುದು ಬಾಲ್ ಪೈಥಾನ್. ಎಲ್ಲ ಕಡೆ ಸಿಗುತ್ತದೆ, ಕಚ್ಚುವುದು ಅಪರೂಪ, ಹೆದರಿದರೆ ತಲೆಯನ್ನು ನಡುವೆ ಇಟ್ಟುಕೊಂಡು ಉಂಡೆಯಾಗುತ್ತದೆ. ಆದರೆ ಆಫ್ರಿಕದ ಈ ಹಾವು ಹಗಲು ಕಳೆಯುವುದು ಇಲಿಬಿಲಗಳಲ್ಲಿ, ಹುತ್ತಗಳಲ್ಲಿ. ಮರ ಹತ್ತುವುದೇ ಇಲ್ಲವೆಂದಲ್ಲ. ಮೈ ಭಾರ, ಹಿಡಿತ ಸಾಲದು, ಬಿದ್ದರೆ ಪೆಟ್ಟಾಗುತ್ತದೆ. ಜಾಗ ಒಗ್ಗದಿದ್ದರೆ ತಿಂಗಳುಗಟ್ಟಲೆ ಊಟ ಬಿಡುತ್ತದೆ, ಆ ಅವಧಿಯಲ್ಲಿ ಇಳಿಯುವುದು ಮಾತ್ರ ಹೆಚ್ಚಾಗಿ ಯಜಮಾನರ ತೂಕ. ಆಯಸ್ಸೂ ಕಡಿಮೆಯಲ್ಲ. ಸೇಂಟ್ ಲೂಯಿಸ್ ಮೃಗಾಲಯದಲ್ಲಿ ಅರವತ್ತು ದಾಟಿದ ಹೆಣ್ಣೊಂದು, ದಶಕಗಳಿಂದ ಗಂಡಿನ ಮುಖ ಕಾಣದೆ, 2020ರಲ್ಲಿ ಮೊಟ್ಟೆಯಿಟ್ಟಿತು. ಎತ್ತರದ ಪೆಟ್ಟಿಗೆಯವರ ಉತ್ಸಾಹ ಅಷ್ಟು ದೂರ ಬಾಳಿದ ದಾಖಲೆ ಇಲ್ಲ.

ಇವರ ನಿಜವಾದ ಆಸೆ ಹಸಿರು ಮರಹೆಬ್ಬಾವು. ನ್ಯೂಗಿನಿ ಮತ್ತು ಆಸ್ಟ್ರೇಲಿಯದ ಕೇಪ್ ಯಾರ್ಕ್‌ನ ಮಳೆಕಾಡುಗಳದು. ಮರಿ ಹಳದಿ ಅಥವಾ ಇಟ್ಟಿಗೆಗೆಂಪು, ಬೆಳೆದ ಮೇಲೆ ಎಳೆಬಾಳೆಯೆಲೆಯ ಹಸಿರು. ಕೊಂಬೆಯ ಮೇಲೆ ಸುರುಳಿಗಳನ್ನು ಎರಡೂ ಬದಿಗೆ ಇಳಿಬಿಟ್ಟು, ನಟ್ಟನಡುವೆ ತಲೆಯೂರಿ ಕೂತರೆ ಫೋಟೋಕ್ಕೆಂದೇ ಹುಟ್ಟಿದ ಹಾಗೆ ಕಾಣುತ್ತದೆ. ದಕ್ಷಿಣ ಅಮೆರಿಕದ ಎಮರಾಲ್ಡ್ ಟ್ರೀ ಬೋವಾ ಕೂಡ ಅದೇ ಬಣ್ಣ, ಅದೇ ಭಂಗಿ. ರಕ್ತಸಂಬಂಧ ದೂರದ್ದು, ಹೆಬ್ಬಾವು ಮೊಟ್ಟೆಯಿಡುತ್ತದೆ, ಬೋವಾ ಮರಿಹಾಕುತ್ತದೆ. ಮರಹೆಬ್ಬಾವಿನ ತೊಡಕೆಂದರೆ, ಕೂತದ್ದು ಕೂತಲ್ಲೇ. ನೆಂಟರು ಬಂದಾಗ ಯಜಮಾನರು ದೀಪ ಹಾಕಿ, ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ನೆಂಟರ ಮಗು ಗಾಜಿಗೆ ಮೂಗು ಒತ್ತಿ, “ರಬ್ಬರಿಂದಾ?” ಎಂದು ಕೇಳುತ್ತದೆ. ಕೈಗೆತ್ತಿಕೊಂಡು ಉತ್ತರ ಕೊಡೋಣವೆಂದರೆ ಮುಟ್ಟಿಸಿಕೊಳ್ಳುವುದು ಈ ಹಾವಿಗೆ ಹಿಡಿಸದು, ಹಲ್ಲೋ ಉದ್ದ.

ಅದಕ್ಕಿಂತ ಕಹಿಯಾದ ಸಂಗತಿ ಪೆಟ್ಟಿಗೆಯದೇ. ಮರದ ಹಾವು ಬಯಸುವುದು ತನ್ನ ಮೈಯಷ್ಟು ದಪ್ಪದ, ಅಡ್ಡಕ್ಕೆ ಚಾಚಿದ ಕೊಂಬೆಗಳನ್ನು. ಎತ್ತರ ಎಷ್ಟಿದ್ದರೂ ಅಗಲ ಇಲ್ಲದಿದ್ದರೆ ಪ್ರಯೋಜನ ಕಡಿಮೆ. ಬಿಸಿಗಾಳಿ ಮೇಲೇರುವುದರಿಂದ ತುದಿಯ ಕೊಂಬೆ ಕಾದಿರುತ್ತದೆ, ತಳ ತಣ್ಣಗಿರುತ್ತದೆ. ಒಂದೇ ಎತ್ತರದಲ್ಲಿ ಬಿಸಿಯಿಂದ ತಂಪಿಗೆ ಸರಿಯಲು 45 ಸೆಂ.ಮೀ.ನಲ್ಲಿ ಎಡೆಯಿಲ್ಲ. ಜಾಲರಿಯಿಂದ ತೇವ ಹಾರಿಹೋಗುತ್ತದೆ. ಹಾಗಾಗಿ ಯಜಮಾನರು ಆಫೀಸಿಗೆ ಹೊರಟ ಬಟ್ಟೆಯಲ್ಲೇ ಸ್ಪ್ರೇ ಬಾಟಲಿ ಹಿಡಿದು, ಹಾವಿನ ಸುರುಳಿಯ ಮೇಲೆ ಹನಿ ನಿಲ್ಲುವವರೆಗೆ ನೀರು ಚಿಮುಕಿಸುತ್ತಾರೆ. ಹಾವು ಆ ಹನಿಗಳನ್ನೇ ಕುಡಿಯುತ್ತದೆ ಎಂಬುದು ನಿಜ. ಮನೆಯವರ ಕಾಫಿಗೆ ಇಷ್ಟು ಮುತುವರ್ಜಿ ಇಲ್ಲ ಎಂಬುದೂ ನಿಜ.

ಅಮೆಜಾನ್ ಟ್ರೀ ಬೋವಾದ ವಿಷಯ ಬೇಗ ಮುಗಿಯುತ್ತದೆ: ಸಣ್ಣ ಮೈ, ಚಂದದ ಬಣ್ಣಗಳು, ಬಾಗಿಲು ತೆರೆದವರ ಕೈಗೆ ಬಾಯಿ.

ಈ ವರ್ಗದಲ್ಲಿ ಕನ್ನಡಿಗರಿದ್ದರೆ ಅವರಿಗೆ ಊರ ಬೇಲಿಯ ಹಸಿರುಹಾವು ನೆನಪಾಗುತ್ತದೆ. ಬಳ್ಳಿಯಷ್ಟು ತೆಳ್ಳಗೆ, ಚೂಪು ಮೂತಿ, ಕಣ್ಣಿಗೇ ಕುಕ್ಕುತ್ತದೆಂಬ ಸುಳ್ಳು ಅಪವಾದ ಬೇರೆ. ಪೆಟ್ಟಿಗೆಗೆ ಹೇಳಿ ಮಾಡಿಸಿದಂತಿದೆ ಎನಿಸಬಹುದು. ಆದರೆ ಅದರ ಊಟ ಹಲ್ಲಿ, ಓತಿಕ್ಯಾತ, ಕಪ್ಪೆ. ಭಾರತದಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಹಿಡಿದು ಸಾಕುವುದೇ ಅಪರಾಧ. ಅದರ ಜಾಗ ಬೇಲಿಯೇ.

ಕಡೆಗೆ ಬಹುತೇಕರು ಕಾರ್ನ್ ಸ್ನೇಕ್‌ಗೆ ಇಳಿಯುತ್ತಾರೆ, ಅದೂ ಮೊದಲ ದಿನವೇ ಅಂಗಡಿಯವನು ಹೇಳಿದ್ದಾಗಿರುತ್ತದೆ. ಅಮೆರಿಕದ ಆಗ್ನೇಯ ರಾಜ್ಯಗಳ ಹಾವು, ಸಾಧು, ಹತ್ತುವುದರಲ್ಲಿ ಚುರುಕು, 15–20 ವರ್ಷ ಬದುಕುತ್ತದೆ. ಮಂಜುಗಟ್ಟಿಸಿದ ಇಲಿಯನ್ನು ಕರಗಿಸಿ, ಬೆಚ್ಚಗೆ ಮಾಡಿ ಕೊಟ್ಟರೆ ತಕರಾರಿಲ್ಲ. ತಕರಾರು ಫ್ರೀಜರ್‌ನ ಒಡತಿಯದು. ಮೊದಲ ಸುತ್ತಿನ ಮಾತುಕತೆಯಲ್ಲಿ ಇಲಿಗೆ ಪ್ರತ್ಯೇಕ ಡಬ್ಬಿ, ಎರಡನೆಯದರಲ್ಲಿ ಡಬ್ಬಿಯ ಮೇಲೆ ದೊಡ್ಡಕ್ಷರದ ಚೀಟಿ, ಮೂರನೆಯದರಲ್ಲಿ ಗ್ಯಾರೇಜಿಗೆ ಬೇರೆ ಫ್ರೀಜರ್ ಎಂದು ತೀರ್ಮಾನವಾಗುತ್ತದೆ. ರಿಯಾಯಿತಿಯಲ್ಲಿ ಉಳಿದ ದುಡ್ಡು ಅಲ್ಲಿಗೆ ಹೋಯಿತು. ಇನ್ನು ಬಾಗಿಲಿಗೆ ಬೀಗ ಬೇಕು, ಏಕೆಂದರೆ ಬೆರಳು ತೂರದ ಸಂದಿಯಲ್ಲೂ ಮರಿ ತೂರುತ್ತದೆ. ಬಿಸಿಗೆ ಥರ್ಮೋಸ್ಟಾಟ್ ಬೇಕು, ಬಲ್ಬಿಗೆ ತಂತಿಗೂಡು ಬೇಕು. ಇಲ್ಲದಿದ್ದರೆ ಹಾವು ಬಲ್ಬಿಗೇ ಸುತ್ತಿಕೊಂಡು ಸುಟ್ಟುಕೊಳ್ಳುತ್ತದೆ.

ಹಗಲೆಲ್ಲ ಅದು ತಳದ ಮರದ ಚೂರುಗಳಡಿ ಹುದುಗಿರುತ್ತದೆ. ಕೊಂಬೆ ಹತ್ತುವುದು ಯಜಮಾನರು ಮಲಗಿದ ಮೇಲೆ. ಬೆಳೆದು 120–150 ಸೆಂ.ಮೀ. ಆಗುವ ಹೊತ್ತಿಗೆ ಪೆಟ್ಟಿಗೆ ಸಾಲದೆ ಅಗಲವಾದದ್ದೊಂದು ಬರುತ್ತದೆ, ಟಿವಿ ಬೇರೆ ಗೋಡೆಗೆ ಹೋಗುತ್ತದೆ. ಎತ್ತರದ್ದು ಖಾಲಿ. ನ್ಯೂ ಕ್ಯಾಲಿಡೋನಿಯಾದ ಕ್ರೆಸ್ಟೆಡ್ ಗೆಕೊ ಎಂಬ ಹಲ್ಲಿಗೆ ಅದು ಹೇಳಿಮಾಡಿಸಿದ ಮನೆ ಎಂದು ಅಂಗಡಿಯವನು ತಿಳಿಸುತ್ತಾನೆ. ಯಜಮಾನರು ಜಲಪಾತದ ಪಂಪನ್ನು ಒರೆಸಿ ಮತ್ತೆ ಜೋಡಿಸುತ್ತಾರೆ.